ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್ ಕೊಳ್ಳುವ ಮೊದಲು ಟೋನ್ ಹೋಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಮಂಗಳೂರಿನ ಒಂದು ಮನೆಯಲ್ಲಿ ಎರಡು ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬುಗಳಿಂದ (ವಾಲ್ವ್) ನಡೆಯುವ ಗಿಟಾರ್ ಆಂಪ್ಲಿಫೈಯರ್, ಅಕ್ಕಪಕ್ಕ ಇಟ್ಟು ಗಿಟಾರ್ ನುಡಿಸಿದ್ದೆ. ಒಂದು 15 ವ್ಯಾಟಿನದು, ಇನ್ನೊಂದು 40 ವ್ಯಾಟಿನದು. ದೊಡ್ಡದರ ದನಿ ತುಂಬಿಕೊಂಡಿತ್ತು, ಬಾಸ್ ಎದೆಗೆ ಬಡಿಯುತ್ತಿತ್ತು. ಚಿಕ್ಕದು ಅದರ ಮುಂದೆ ತೆಳು ಅನಿಸಿತು. ಹತ್ತೇ ನಿಮಿಷದಲ್ಲಿ ದುಡ್ಡು ಎಣಿಸಿ ಕೊಟ್ಟು, ದೊಡ್ಡದನ್ನು ಕಾರಿನ ಡಿಕ್ಕಿಗೆ ಹಾಕಿ, ತಲಪಾಡಿ ದಾಟಿ ಬದಿಯಡ್ಕದ ಮನೆಗೆ ತಂದೆ. ಮನೆಯಲ್ಲಿ ವಾಲ್ಯೂಮ್ 2ರ ಮೇಲೆ ಏರಿಸಲು ಆಗಲೇ ಇಲ್ಲ, ಮಕ್ಕಳು ಓದುವ ಹೊತ್ತು, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುತ್ತಾರೆ. ಆ 2ರಲ್ಲಿ ಆ ಆಂಪಿನ ದನಿಗೆ ಜೀವ ಇರಲಿಲ್ಲ. ಅವತ್ತು ನಾನು ಟೋನ್, ಅಂದರೆ ದನಿಯ ಗುಣ, ಹೋಲಿಸಿರಲೇ ಇಲ್ಲ, ಯಾವುದರ ಸದ್ದು ಜಾಸ್ತಿ ಅಂತ ಮಾತ್ರ ನೋಡಿದ್ದೆ. ಒಂದು ವರ್ಷ ಇಟ್ಟುಕೊಂಡು ನಷ್ಟಕ್ಕೆ ಮಾರಿದೆ.

ಅದಾದ ಮೇಲೆ ನನಗೂ ನನ್ನ ಗೆಳೆಯರಿಗೂ ಸೇರಿ ಸುಮಾರು ಆಂಪ್ ನೋಡಿದ್ದೇನೆ, ಒಂದು ಕ್ರಮ ಮಾಡಿಕೊಂಡಿದ್ದೇನೆ. ಕಾಸರಗೋಡಿನ ಕಡೆಯವರಿಗೆ ಇದು ಜಾಸ್ತಿ ಬೇಕು. ನಾಲ್ಕು ಟ್ಯೂಬ್ ಆಂಪ್ ಸಾಲಾಗಿ ಇಟ್ಟು ತೋರಿಸುವ ಅಂಗಡಿ ನಮ್ಮ ಹತ್ತಿರ ಇಲ್ಲ. ಮಂಗಳೂರು 50 ಕಿಲೋಮೀಟರ್, ಇಲ್ಲದಿದ್ದರೆ ಕಣ್ಣೂರು, ಕೊಚ್ಚಿ, ಬೆಂಗಳೂರು. ಅಷ್ಟು ದೂರ ಹೋಗಿ ಯಾರದೋ ಮನೆಯಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯನ್ನು ಹೇಗೆ ಬಳಸಬೇಕು ಅನ್ನುವುದೇ ಇಲ್ಲಿರುವುದು.

ಹೊರಡುವ ಮೊದಲು

ಮಾರುವವರಿಗೆ ಫೋನ್ ಮಾಡಿ ಆಂಪಿನ ಹಿಂಭಾಗದ ಫೋಟೋ ತರಿಸಿಕೊಳ್ಳಿ. ಅದರಲ್ಲಿ ಮೊದಲು ನೋಡಬೇಕಾದದ್ದು ವೋಲ್ಟೇಜ್. 230 ಅಥವಾ 240 ಅಂತಿದ್ದರೆ ಸರಿ. 120 ಅಂತಿದ್ದರೆ ಅದು ಅಮೆರಿಕದಿಂದ ಬಂದದ್ದು. ಅದನ್ನು ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಅಲ್ಲೇ ಸುಟ್ಟುಹೋಗುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಲೇಬಲ್ಲಿನಲ್ಲಿ ಆಂಪ್ ಎಳೆಯುವ ಕರೆಂಟು 180 ವ್ಯಾಟ್ ಅಂತಿದ್ದರೆ 300ರ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಲೆಕ್ಕಕ್ಕೆ ಸರಿಯಾಗಿ 180ರದ್ದು ಬೇಡ. 60 ಹರ್ಟ್ಸ್ ಅಂತ ಮಾತ್ರ ಬರೆದಿದ್ದರೆ ನಮ್ಮ 50 ಹರ್ಟ್ಸಿನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಇನ್ನೂ ಬಿಸಿಯಾಗುತ್ತದೆ. 50/60 ಅಂತಿದ್ದರೆ ಚಿಂತೆ ಇಲ್ಲ.

ಇನ್ನೊಂದು ಮಾತು ಫೋನಿನಲ್ಲೇ ಹೇಳಿಬಿಡಿ: ‘ಅಣ್ಣ, ನಾನು ಬರುವವರೆಗೆ ಆಂಪ್ ಆನ್ ಮಾಡಬೇಡಿ.’ ತಣ್ಣಗಿರುವ ಆಂಪ್ ಹೇಗೆ ಎದ್ದು ನಿಲ್ಲುತ್ತದೆ ಅಂತ ನಿಮ್ಮ ಕಣ್ಣೆದುರೇ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕೆಲವು ತೊಂದರೆಗಳು ಗೊತ್ತೇ ಆಗುವುದಿಲ್ಲ.

ಚೀಲಕ್ಕೆ ಹಾಕಿಕೊಳ್ಳಬೇಕಾದದ್ದು: ನೀವು ದಿನಾ ನುಡಿಸುವ ಗಿಟಾರ್, ನಿಮ್ಮದೇ ಕೇಬಲ್, ಒಂದು ಚಿಕ್ಕ ಪ್ಯಾಚ್ ಕೇಬಲ್, ಮಲ್ಟಿಮೀಟರ್, ಟೆಸ್ಟರ್, ಟಾರ್ಚ್, ಒಂದು ಪೆನ್ಸಿಲ್, ನೋಟ್‌ಬುಕ್. ಲೂಪರ್ ಪೆಡಲ್ (ನುಡಿಸಿದ ತುಣುಕನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ) ಇದ್ದರೆ ಅದೂ ಇರಲಿ. ಗಿಟಾರ್ ಮತ್ತು ಕೇಬಲ್ ವಿಷಯದಲ್ಲಿ ಸಡಿಲ ಬಿಡಬೇಡಿ. ಕೇಬಲ್ ಉದ್ದ ಆದಷ್ಟು ಟ್ರೆಬಲ್ ಕಮ್ಮಿಯಾಗುತ್ತದೆ, ಒಂದು ಆಂಪಿಗೆ 3 ಮೀಟರ್ ಕೇಬಲ್, ಇನ್ನೊಂದಕ್ಕೆ 6 ಮೀಟರ್ ಹಾಕಿ ಹೋಲಿಸಿದರೆ ಅರ್ಥವಿಲ್ಲ. ಫೋನಿನಲ್ಲಿ ಡೆಸಿಬೆಲ್ ತೋರಿಸುವ ಒಂದು ಆ್ಯಪ್ ಹಾಕಿಕೊಳ್ಳಿ.

ಮೊದಲು ಕರೆಂಟು, ಆಮೇಲೆ ಗಿಟಾರ್

ಅಡಿಕೆ ತೋಟ ಇರುವವರಿಗೆ ಇದು ಹೊಸ ವಿಷಯ ಅಲ್ಲ. ಬೇಸಗೆಯಲ್ಲಿ ಎಲ್ಲರೂ ಒಟ್ಟಿಗೆ ತೋಟಕ್ಕೆ ಪಂಪ್ ಬಿಟ್ಟಾಗ ಮನೆಯ ಬಲ್ಬ್ ಮಂಕಾಗುತ್ತದೆ, ಫ್ಯಾನ್ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಟ್ಯೂಬ್ ಆಂಪಿನ ದನಿಯೂ ಬದಲಾಗುತ್ತದೆ. ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುವ ಹೀಟರಿಗೆ 6.3 ವೋಲ್ಟ್ ಬೇಕು. 230 ಇರಬೇಕಾದಲ್ಲಿ 190 ಬಂದರೆ ಹೀಟರಿಗೆ ಸಿಗುವುದು 5.2ರ ಹತ್ತಿರ. ಒಳಗಿನ ಹೈ ವೋಲ್ಟೇಜೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಆಗ ಆಂಪಿನ ದನಿ ಬೇಗ ಒಡೆಯುತ್ತದೆ (ಡಿಸ್ಟಾರ್ಟ್ ಆಗುತ್ತದೆ), ಬಾಸ್ ಮೆತ್ತಗಾಗುತ್ತದೆ, ಪೆಟ್ಟಿನ ಚುರುಕು ಕಮ್ಮಿಯಾಗುತ್ತದೆ. ಕೆಲವರಿಗೆ ಆ ದನಿ ಇಷ್ಟವೂ ಆಗಬಹುದು. ಆದರೆ ಮಂಗಳೂರಿನಲ್ಲಿ 235ರಲ್ಲಿ ಕೇಳಿದ ಆಂಪನ್ನೂ ಹಳ್ಳಿಯಲ್ಲಿ 195ರಲ್ಲಿ ಕೇಳಿದ ಆಂಪನ್ನೂ ಹೋಲಿಸಲು ಹೋಗಬೇಡಿ. ಹೋದ ಕೂಡಲೇ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ವೋಲ್ಟೇಜ್ ನೋಡಿ ಬರೆದುಕೊಳ್ಳಿ. ಕರೆಂಟು ಹೋಗಿ ಇನ್ವರ್ಟರಿನಲ್ಲಿ ನಡೆಸೋಣ ಅಂದರೆ ಬೇಡ ಅನ್ನಿ, ಕರೆಂಟು ಬರುವವರೆಗೆ ಚಾ ಕುಡಿಯಿರಿ. ಸೈನ್ ವೇವ್ ಅಲ್ಲದ ಇನ್ವರ್ಟರಿನಲ್ಲಿ ಒಳ್ಳೇ ಆಂಪೂ ಗುಂಯ್ ಅನ್ನುತ್ತದೆ.

ಅರ್ತ್ ನೋಡುವುದನ್ನು ಮರೆಯಬೇಡಿ. ಹಳೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಕೇಬಲ್ ಹಾಕಿ ಆನ್ ಮಾಡಿದ ಮೇಲೆ, ತಂತಿ ಮುಟ್ಟುವ ಮೊದಲು, ಗಿಟಾರಿನ ಜ್ಯಾಕ್ ಪ್ಲೇಟಿಗೆ ಟೆಸ್ಟರ್ ಇಟ್ಟು ನೋಡಿ. ಉರಿದರೆ ಅಲ್ಲಿ ನುಡಿಸಬೇಡಿ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದರೆ ಜೀವಕ್ಕೇ ಅಪಾಯ.

ಇನ್ನೆರಡು ವಿಷಯ. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಆನ್ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಛಾಸಿಸ್ (ಒಳಗಿನ ಲೋಹದ ಪೆಟ್ಟಿಗೆ) ಬಿಚ್ಚಿ ಒಳಗೆ ಕೈ ಹಾಕಬಾರದು, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿನ ಆಸುಪಾಸು ಉಳಿದಿರಬಹುದು. ಹಿಂದಿನಿಂದ ಟಾರ್ಚ್ ಹಾಕಿ ಕಾಣುವಷ್ಟು ನೋಡಿದರೆ ಸಾಕು.

ಆಂಪ್ ಗಟ್ಟಿ ಇದೆಯಾ ಅಂತ ನೋಡುವುದು

ಟ್ಯೂಬ್ ಸತ್ತಿರುವ ಒಳ್ಳೇ ಆಂಪನ್ನು ಹೊಸ ಟ್ಯೂಬ್ ಹಾಕಿದ ಸಾಧಾರಣ ಆಂಪಿನ ಜೊತೆ ಹೋಲಿಸಿದರೆ ಸಾಧಾರಣದ್ದೇ ಗೆಲ್ಲುತ್ತದೆ. ಹಾಗಾಗಿ ಟೋನಿಗೆ ಹೋಗುವ ಮೊದಲು ಇದನ್ನು ಮುಗಿಸಿ.

ಮೂಗಿನಿಂದ ಶುರು ಮಾಡಿ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಜೊತೆಗೆ ಕಡಲಿನ ಉಪ್ಪು ಗಾಳಿ. ಬೂಸ್ಟಿನ ವಾಸನೆ ಬಂದರೆ, ಸ್ಕ್ರೂಗಳ ಮೇಲೆ ತುಕ್ಕು ಕಂಡರೆ, ಟ್ಯೂಬ್ ಸಾಕೆಟ್ಟಿಗೂ ಜ್ಯಾಕುಗಳಿಗೂ ತೇವ ಹೊಕ್ಕಿರುತ್ತದೆ. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಅನುಮಾನ ಪಡಿ.

ಟ್ಯೂಬಿನ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಮಚ್ಚೆ ಇರುತ್ತದೆ, ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕು ಟ್ಯೂಬ್ ಸತ್ತಿದೆ ಅಂತ ಅರ್ಥ. ಆನ್ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಸ್ಪೀಕರನ್ನು ನಡೆಸುವ ದೊಡ್ಡ ಪವರ್ ಟ್ಯೂಬಿನಲ್ಲಿ ನೀಲಿ ಹೊಳಪು ಕಂಡರೆ ಹೆದರಬೇಡಿ, ಅದು ಇರುವುದೇ. ಆದರೆ ಒಳಗಿನ ಬೂದು ಲೋಹದ ತಗಡು ಕೆಂಪಗೆ ಕಾದರೆ ತಕ್ಷಣ ಆಫ್ ಮಾಡಿಸಿ. ಟ್ಯೂಬ್ ಹೋಗಿರಬಹುದು, ಬಯಾಸ್ (ಟ್ಯೂಬಿನಲ್ಲಿ ಎಷ್ಟು ಕರೆಂಟು ಹರಿಯಬೇಕು ಅನ್ನುವ ಹೊಂದಿಕೆ) ತಪ್ಪಿರಬಹುದು, ಏನೇ ಇದ್ದರೂ ಅದು ರಿಪೇರಿಯ ಲೆಕ್ಕಕ್ಕೆ ಹೋಯಿತು. ಗಿಟಾರಿನ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಚಿಕ್ಕ ಪ್ರೀಆಂಪ್ ಟ್ಯೂಬುಗಳನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಸಣ್ಣಗೆ ಟಕ್ ಅಂದರೆ ಸರಿ, ಗಂಟೆಯ ಹಾಗೆ ಮೊಳಗಿದರೆ ಅಥವಾ ಕೂಗಿದರೆ ಆ ಟ್ಯೂಬ್ ಬದಲಿಸಬೇಕು. ಅದೊಂದೇ ಕಾರಣಕ್ಕೆ ಆಂಪ್ ಬಿಡಬೇಕಾಗಿಲ್ಲ.

ಗುಂಯ್‌ಗುಟ್ಟುವ ಸದ್ದಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗಿಟಾರ್ ನುಡಿಸುವವರು ಕಿವಿಯಲ್ಲೇ ಪತ್ತೆ ಮಾಡಬಹುದಾದ ವಿಷಯ. ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಉಳಿದಿದೆಯಾ? ಈಗ ಆರನೇ ತಂತಿಯ ಮೂರನೇ ಫ್ರೆಟ್ ಮೀಟಿ, ಅದು ಜಿ, 98 ಹರ್ಟ್ಸ್. ಆಂಪಿನ ಗುಂಯ್ ಈ ಸ್ವರಕ್ಕಿಂತ ಒಂದು ಕೂದಲು ಮೇಲಿದ್ದರೆ ಅದು 100 ಹರ್ಟ್ಸ್. ನಮ್ಮ 50 ಹರ್ಟ್ಸಿನ ಕರೆಂಟು ಆಂಪಿನೊಳಗೆ ರೆಕ್ಟಿಫೈ (ಎಸಿಯಿಂದ ಡಿಸಿ) ಆದ ಮೇಲೆ ಬರುವ ಅಲೆ ಅದು, ಅಂದರೆ ಆ ಅಲೆಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಹಳತಾಗಿರುವ ಸಾಧ್ಯತೆ ಜಾಸ್ತಿ. ಅದಕ್ಕೂ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್, ಹೀಟರ್ ವೈರಿಂಗ್ ಅಥವಾ ಗ್ರೌಂಡಿನ ಕಡೆ ನೋಡಬೇಕು. ಕೆಪಾಸಿಟರ್ ಸುಸ್ತಾಗಿದ್ದರೆ ಇನ್ನೊಂದು ಗುರುತು ಇದೆ: ಸದ್ದು ಏರಿಸಿ ಎರಡನೇ ತಂತಿಯ 12ನೇ ಫ್ರೆಟ್ಟಿನ ಮೇಲೆ ಒಂದೊಂದೇ ಸ್ವರ ಹಿಡಿದಾಗ, ಕೆಳಗೆ ಶ್ರುತಿ ತಪ್ಪಿದ ಇನ್ನೊಂದು ಸ್ವರ ನೆರಳಿನ ಹಾಗೆ ಕೇಳುತ್ತದೆ. ಒಮ್ಮೆ ಅದನ್ನು ಕೇಳಿದ ಕಿವಿ ಮತ್ತೆ ಮರೆಯುವುದಿಲ್ಲ.

ಎಲ್ಲ ನಾಬ್ ತಿರುಗಿಸಿ, ಕರಕರ ಅಂದರೆ ಬರೆದುಕೊಳ್ಳಿ. ಎಫೆಕ್ಟ್ಸ್ ಲೂಪ್ (ಪೆಡಲ್ ಸೇರಿಸಲು ಹಿಂಭಾಗದಲ್ಲಿರುವ ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್) ಇರುವ ಆಂಪಿನಲ್ಲಿ ದನಿ ತಗ್ಗಿದ್ದರೆ ಅಥವಾ ಆಗಾಗ ಮಾಯವಾದರೆ, ತಂದ ಪ್ಯಾಚ್ ಕೇಬಲ್ಲನ್ನು ಸೆಂಡಿನಿಂದ ರಿಟರ್ನಿಗೆ ಸಿಕ್ಕಿಸಿ. ದನಿ ಜೋರಾಗಿ ಬಂತು ಅಂದರೆ ಜ್ಯಾಕಿನ ಒಳಗಿನ ಸ್ಪರ್ಶ ಕಪ್ಪುಗಟ್ಟಿದೆ ಅಷ್ಟೆ, ಕ್ಲೀನ್ ಮಾಡಿದರೆ ಆಯಿತು. ಕರಾವಳಿಯ ಆಂಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಇದನ್ನೇ ದೊಡ್ಡ ದೋಷ ಅಂದುಕೊಂಡು ಒಳ್ಳೇ ಆಂಪ್ ಬಿಟ್ಟುಬಂದವರಿದ್ದಾರೆ.

ಸದ್ದು ಸಮ ಮಾಡುವುದು

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸದ್ದು ಸ್ವಲ್ಪ ಜಾಸ್ತಿ ಇರುವುದು ನಮ್ಮ ಕಿವಿಗೆ ‘ಜೋರು’ ಅಂತ ಕೇಳುವುದಿಲ್ಲ, ‘ಚೆಂದ’ ಅಂತ ಕೇಳುತ್ತದೆ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಅಳೆದು ತೋರಿಸಿದ್ದರು: ಸದ್ದು ಕಮ್ಮಿ ಇದ್ದಾಗ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ, ಸದ್ದು ಏರಿದ ಹಾಗೆ ಅದು ತುಂಬಿಕೊಳ್ಳುತ್ತದೆ. ನಾನು ಆ 40 ವ್ಯಾಟಿನ ಆಂಪಿನಲ್ಲಿ ಕೇಳಿದ್ದು ಇದನ್ನೇ.

ಮಾಡುವುದು ಹೀಗೆ. ಎರಡೂ ಆಂಪನ್ನು ಒಂದೇ ಎತ್ತರದಲ್ಲಿ, ಗೋಡೆಯಿಂದ ಒಂದೇ ದೂರದಲ್ಲಿ ಇಡಿ. ಒಂದು ನೆಲದ ಮೇಲೆ, ಇನ್ನೊಂದು ಕುರ್ಚಿಯ ಮೇಲೆ ಬೇಡ. ನೆಲದ ಮೇಲಿರುವುದಕ್ಕೆ, ಅದರಲ್ಲೂ ಮೂಲೆಯಲ್ಲಿರುವುದಕ್ಕೆ ಬಾಸ್ ಸುಮ್ನೆ ಸಿಗುತ್ತದೆ. ಫೋನನ್ನು ಸ್ಪೀಕರಿನ ಎದುರು ಒಂದು ಮೀಟರ್ ದೂರದಲ್ಲಿಟ್ಟು, ಆರೂ ತಂತಿಯ ಒಂದೇ ಕಾರ್ಡನ್ನು ಒಂದೇ ಒತ್ತಡದಲ್ಲಿ ಹತ್ತು ಸಲ ಹೊಡೆಯಿರಿ. ಆ್ಯಪ್ ಸುಮಾರು ಎಷ್ಟರ ಆಸುಪಾಸು ತೋರಿಸುತ್ತದೆ ನೋಡಿ. ಎರಡೂ ಒಂದು ಡೆಸಿಬೆಲ್ಲಿನ ಒಳಗೆ ಬರುವವರೆಗೆ ವಾಲ್ಯೂಮ್ ಹೊಂದಿಸಿ. ಫೋನ್ ತೋರಿಸುವ ಅಂಕಿ ನಿಜವಾದ ಡೆಸಿಬೆಲ್ ಆಗಿರಬೇಕಾಗಿಲ್ಲ, ಎರಡಕ್ಕೂ ಅದೇ ಫೋನ್ ಆದರೆ ಸಾಕು.

ವಾಲ್ಯೂಮ್ ನಾಬಿನ ನಂಬರ್ ನೋಡಿ ಸಮ ಮಾಡಲು ಹೋಗಬೇಡಿ. ಕೆಲವು ಆಂಪ್ 3ಕ್ಕೇ ಮುಕ್ಕಾಲು ಸದ್ದು ಕೊಟ್ಟುಬಿಡುತ್ತದೆ, ಕೆಲವು 6ರವರೆಗೆ ಮೆಲ್ಲಗೆ ಏರುತ್ತದೆ. ವ್ಯಾಟ್ ನೋಡಿಯೂ ಮೋಸ ಹೋಗಬೇಡಿ. 15 ವ್ಯಾಟಿಗೂ 40 ವ್ಯಾಟಿಗೂ ಇರುವ ಅಂತರ ಬರೀ ನಾಲ್ಕು ಡೆಸಿಬೆಲ್ ಚಿಲ್ಲರೆ. ಸ್ಪೀಕರ್ ಬದಲಾದರೇ ಅದರಲ್ಲಿ ಅರ್ಧ ಹೋಗುತ್ತದೆ: ಸೆಲೆಷನ್ ಕಂಪನಿಯ ವಿಂಟೇಜ್ 30 ಸ್ಪೀಕರಿಗೆ 100 ಡೆಸಿಬೆಲ್ ಸೆನ್ಸಿಟಿವಿಟಿ (ಅಷ್ಟೇ ಕರೆಂಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವ ಅಳತೆ), ಅದೇ ಕಂಪನಿಯ ಗ್ರೀನ್‌ಬ್ಯಾಕಿಗೆ 98.

ನೀವು ನಿಲ್ಲುವ ಜಾಗವೂ ಒಂದೇ ಇರಲಿ. ಬಯಲಾಟದಲ್ಲಿ ಚಂಡೆಯ ನೇರ ಎದುರು ಕೂತವರಿಗೆ ಕೇಳುವುದೇ ಬೇರೆ, ರಂಗಸ್ಥಳದ ಬದಿಯಲ್ಲಿ ಕೂತವರಿಗೆ ಕೇಳುವುದೇ ಬೇರೆ, ಅಲ್ವಾ? 12 ಇಂಚಿನ ಗಿಟಾರ್ ಸ್ಪೀಕರಿನಲ್ಲೂ ಹಾಗೆಯೇ. ಟ್ರೆಬಲ್ ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ಆಂಪ್ ನೆಲದಲ್ಲಿದ್ದು ನೀವು ನಿಂತು ಕೇಳಿದರೆ ಆ ಟ್ರೆಬಲ್ ನಿಮ್ಮ ಮೊಣಕಾಲಿಗೆ ಕೇಳುತ್ತದೆ. ಕೂತು, ಕಿವಿಯನ್ನು ಸ್ಪೀಕರಿನ ಮಟ್ಟಕ್ಕೆ ತಂದು ಒಮ್ಮೆ ಕೇಳಿ, ನಿಂತು ಇನ್ನೊಮ್ಮೆ ಕೇಳಿ.

ನುಡಿಸಿ ಹೋಲಿಸುವುದು

ಪೆಡಲ್ ಇಲ್ಲದೆ, ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಇಲ್ಲದೆ ಶುರು ಮಾಡಿ. ನಾಬುಗಳನ್ನೆಲ್ಲ 5ರಲ್ಲಿಟ್ಟರೆ ಎರಡೂ ಸಮ ಆಯಿತು ಅಂದುಕೊಳ್ಳುತ್ತಾರೆ ಸುಮಾರು ಜನ. ಹಾಗಲ್ಲ. ಫೆಂಡರ್ ಕಂಪನಿಯ ಮಾದರಿಯ ಸರ್ಕೀಟಿನಲ್ಲಿ ಬಾಸ್, ಮಿಡ್, ಟ್ರೆಬಲ್ ಮೂರನ್ನೂ 5ರಲ್ಲಿಟ್ಟರೆ ನಡುವಿನ ದನಿ ಸಾಕಷ್ಟು ತಗ್ಗಿರುತ್ತದೆ, ಬೇರೆ ಮಾದರಿಯಲ್ಲಿ ಅದೇ 5 ಬೇರೆ ದನಿ ಕೊಡುತ್ತದೆ. ಅದಕ್ಕೇ ನಾನು ಎರಡು ಸುತ್ತು ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಎಲ್ಲ 5ರಲ್ಲಿ, ಆಂಪಿನ ಸ್ವಭಾವ ತಿಳಿಯಲು. ಎರಡನೇ ಸುತ್ತಿನಲ್ಲಿ ಒಂದೊಂದಕ್ಕೂ ಐದು ನಿಮಿಷ ಕೊಟ್ಟು, ನನಗೆ ಬೇಕಾದ ದನಿಗೆ ಎಷ್ಟು ಹತ್ತಿರ ಬರುತ್ತದೆ ಅಂತ ನಾಬ್ ತಿರುಗಿಸಿ ನೋಡುತ್ತೇನೆ. ಪ್ರತಿ ಸಲವೂ ಸದ್ದು ಮತ್ತೆ ಸಮ ಮಾಡಬೇಕು, ಟ್ರೆಬಲ್ ಏರಿಸಿದರೂ ಸದ್ದು ಏರುತ್ತದೆ.

ನುಡಿಸಬೇಕಾದದ್ದು ದೊಡ್ಡ ವಿದ್ಯೆಯಲ್ಲ. ಒಂದು ಓಪನ್ ಇ ಕಾರ್ಡ್ ಹೊಡೆದು ಪೂರ್ತಿ ಸಾಯುವವರೆಗೆ ಬಿಡಿ. ಬಾಲದಲ್ಲಿ ದನಿ ನುಣ್ಣಗೆ ಕರಗಬೇಕು. ಕೊನೆಗೆ ಉಗುಳಿದ ಹಾಗೆ ಪರಪರ ಅಂದರೆ ಬಯಾಸ್ ಅಥವಾ ಟ್ಯೂಬ್ ನೋಡಬೇಕು, ಸ್ಪೀಕರಿನ ಕೋನ್ ಉಜ್ಜುತ್ತಿದ್ದರೂ ಹೀಗಾಗುತ್ತದೆ. ಆಮೇಲೆ ಒಂದೇ ಸ್ವರವನ್ನು ಮೆಲ್ಲಗೆ, ನಡುವೆ, ಜೋರಾಗಿ ಮೀಟಿ. ಕೈಯ ಒತ್ತಡಕ್ಕೆ ಆಂಪ್ ಎಷ್ಟು ಉತ್ತರ ಕೊಡುತ್ತದೆ ಅನ್ನುವುದೇ ಟ್ಯೂಬ್ ಆಂಪಿನ ಮುಖ್ಯ ಸುಖ, ಅದಿಲ್ಲದಿದ್ದರೆ ಇಷ್ಟು ಭಾರ ಹೊರುವುದೇ ಬೇಡ. ವಾಲ್ಯೂಮ್ ಏರಿಸುತ್ತಾ ಹೋಗಿ, ದನಿ ಎಲ್ಲಿ ಒಡೆಯಲು ಶುರುವಾಗುತ್ತದೆ ಅಂತ ಬರೆದುಕೊಳ್ಳಿ. ಅಲ್ಲಿ ನಿಲ್ಲಿಸಿ, ಗಿಟಾರಿನ ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿ. ಒಳ್ಳೇ ಆಂಪಿನಲ್ಲಿ ದನಿ ತಿಳಿಯಾಗುತ್ತದೆ, ಆದರೆ ಸಪ್ಪೆಯಾಗುವುದಿಲ್ಲ.

ಟ್ಯೂಬಿನ ಹೆಸರು ನೋಡಿ ಮೊದಲೇ ತೀರ್ಮಾನ ಮಾಡಬೇಡಿ. ವಾಕ್ಸ್ ಎಸಿ15, ಎಸಿ30ಯಲ್ಲಿರುವ ಇಎಲ್84 ಗಂಟೆಯ ಹಾಗೆ ಮಿನುಗುತ್ತದೆ, ಮಾರ್ಷಲ್‌ಗಳ ಇಎಲ್34 ನಡುವಿನ ದನಿಯಲ್ಲಿ ಗುದ್ದುತ್ತದೆ, 6ಎಲ್6 ಅಗಲ ಮತ್ತು ತಿಳಿ, 6ವಿ6 ಮೃದು, ಬೇಗ ಒಡೆಯುತ್ತದೆ ಅನ್ನುತ್ತಾರೆ. ಸುಮಾರು ಮಟ್ಟಿಗೆ ನಿಜ. ಆದರೆ ಅದೇ ಇಎಲ್84 ಫೆಂಡರ್ ಬ್ಲೂಸ್ ಜೂನಿಯರಿನಲ್ಲೂ ಇದೆ, ಅದು ವಾಕ್ಸಿನ ಹಾಗೆ ಕೇಳುವುದಿಲ್ಲ. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಹುಟ್ಟಿದ ಜೆಟಿಎಂ45 ಆಂಪಿನ ಸರ್ಕೀಟು ಬಹುಪಾಲು ಫೆಂಡರ್ ಕಂಪನಿಯ ಬಾಸ್‌ಮನ್‌ನದ್ದೇ. ಬಾಸ್‌ಮನ್‌ನಲ್ಲಿ ಹಿಂಭಾಗ ತೆರೆದ ಪೆಟ್ಟಿಗೆಯಲ್ಲಿ 10 ಇಂಚಿನ ನಾಲ್ಕು ಸ್ಪೀಕರ್, ಮಾರ್ಷಲ್‌ನಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು. ಬೇರೆ ಸಣ್ಣಪುಟ್ಟ ವ್ಯತ್ಯಾಸಗಳೂ ಸೇರಿ ದನಿ ಎಲ್ಲಿಂದ ಎಲ್ಲಿಗೋ ಹೋಯಿತು. ಹಾಗಾಗಿ ಆಂಪಿನಲ್ಲಿ ಇರುವುದು ಕಂಪನಿಯ ಸ್ಪೀಕರಾ, ಬದಲಿಸಿದ್ದಾ ಅಂತ ತಪ್ಪದೆ ಕೇಳಿ. ಸಾಧ್ಯವಾದರೆ, ಸ್ಪೀಕರಿನ ಓಮ್ ಆಂಪಿನ ಹಿಂದೆ ಬರೆದ ಓಮ್‌ಗೆ ಹೊಂದುವುದಾದರೆ, ಎರಡೂ ಆಂಪನ್ನು ಒಂದೇ ಸ್ಪೀಕರಿಗೆ ಹಾಕಿ ಕೇಳಿ. ಬದಲಿಸುವ ಮೊದಲು ಆಫ್ ಮಾಡುವುದನ್ನು ಮರೆಯಬೇಡಿ.

ಲೂಪರ್ ಇದ್ದರೆ ನಿಮ್ಮ ಒಂದು ಚಿಕ್ಕ ತುಣುಕನ್ನು ಅದರಲ್ಲಿ ಹಿಡಿದು ಎರಡೂ ಆಂಪಿಗೆ ಕಳಿಸಿ. ಇಷ್ಟವಾದ ಆಂಪಿನಲ್ಲಿ ನಾವು ಗೊತ್ತಿಲ್ಲದೆಯೇ ಚೆನ್ನಾಗಿ ನುಡಿಸಿಬಿಡುತ್ತೇವೆ, ಲೂಪರ್ ಅದನ್ನು ತಪ್ಪಿಸುತ್ತದೆ. ಆದರೆ ಕೈಗೆ ಸಿಗುವ ಉತ್ತರ ಲೂಪರಿನಲ್ಲಿ ಗೊತ್ತಾಗುವುದಿಲ್ಲ, ಎರಡೂ ಬಗೆ ಬೇಕು.

ನನ್ನ ಜೊತೆ ಸಾಮಾನ್ಯವಾಗಿ ಭಾವ ಬರುತ್ತಾನೆ. ಅವನು ಮದ್ದಳೆ ಬಾರಿಸುವವನು, ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲ, ಕಿವಿ ಮಾತ್ರ ಚೂಪು. ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ, ಅವನು ಲೂಪರಿನ ಕೇಬಲ್ ಬದಲಿಸುತ್ತಾನೆ, ಯಾವುದು ಅಂತ ಹೇಳುವುದಿಲ್ಲ. ಹತ್ತು ಸಲ. ಪ್ರತಿ ಸಲ ನಾನು ಒಂದು ಮಾತು ಬರೆಯುತ್ತೇನೆ: ಮೂಗಿನ ದನಿ, ಮರದ ದನಿ, ಗಾಜು, ಕಂಬಳಿ ಹೊದ್ದ ಹಾಗೆ. ಹೋದ ಸಲ ದುಬಾರಿ ಆಂಪಿಗೆ ಐದರಲ್ಲಿ ನಾಲ್ಕು ಸಲ ‘ಕಂಬಳಿ’ ಅಂತ ಬರೆದಿದ್ದೆ. ಭಾವ ಮಧ್ಯದಲ್ಲೇ ಹೇಳಿದ್ದ, ‘ಭಾವ, ಇದರ ಚಾಪು ಏಳುವುದಿಲ್ಲ’ ಅಂತ. ಪೆಟ್ಟಿನ ಮೊದಲ ತುದಿ ಬರುತ್ತಿಲ್ಲ ಅನ್ನುವುದನ್ನು ಅವನು ತನ್ನ ವಾದ್ಯದ ಮಾತಿನಲ್ಲಿ ಹೇಳಿದ್ದು. ಪವರ್ ಟ್ಯೂಬ್ ನೋಡಿಸಿದೆವು, ಪೂರ್ತಿ ಸವೆದಿತ್ತು.

ಕೊನೆಯದಾಗಿ, ನಿಮ್ಮ ಮನೆಯ ಸದ್ದಿಗೆ ಇಳಿಸಿ ನುಡಿಸಿ. ಪಕ್ಕದಲ್ಲಿ ಕೂತವರ ಜೊತೆ ಸ್ವರ ಏರಿಸದೆ ಮಾತಾಡಲು ಆಗಬೇಕು, ಅಷ್ಟು. ಆ ಸದ್ದಿನಲ್ಲಿ ಹದಿನೈದು ನಿಮಿಷ ನುಡಿಸಲು ಮನಸ್ಸಾಗುತ್ತದಾ ನೋಡಿ. ಸ್ಟೇಜಿನಲ್ಲಿ, ಇಗರ್ಜಿಯಲ್ಲಿ ನುಡಿಸುವವರಿಗೆ ಲೆಕ್ಕ ಬೇರೆ, ಅವರು ಡ್ರಮ್ಮಿನ ಸದ್ದಿಗೆ ಏರಿಸಿ ಕೇಳಬೇಕು. ಮನೆಯ ಚಾವಡಿಯಲ್ಲಿ ನುಡಿಸುವವರು ಇನ್ನೊಂದು ಗಮನಿಸಿ: ಮಾರುವವರ ಮನೆ ಟೈಲ್ಸ್ ಹಾಕಿದ ಕಾಂಕ್ರೀಟಿನದಾದರೆ ದನಿ ಅಲ್ಲಿ ಹೊಳೆಯುತ್ತದೆ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು ಇರುವ ನಮ್ಮ ಮನೆಗೆ ಬಂದಾಗ ಆ ಹೊಳಪು ಅಷ್ಟು ಇರುವುದಿಲ್ಲ.

ರೆಕಾರ್ಡ್ ಮಾಡಿಕೊಳ್ಳುವುದು

ದನಿಯ ನೆನಪು ನಮಗೆ ಬಹಳ ಹೊತ್ತು ಉಳಿಯುವುದಿಲ್ಲ. ಇವತ್ತು ಮಂಗಳೂರಿನಲ್ಲಿ ಒಂದು, ಮುಂದಿನ ವಾರ ಕಣ್ಣೂರಿನಲ್ಲಿ ಇನ್ನೊಂದು ಕೇಳಿ ನೆನಪಿನಲ್ಲಿ ಹೋಲಿಸಲು ಆಗುವುದೇ ಇಲ್ಲ, ಆಗ ರೆಕಾರ್ಡಿಂಗ್ ಬೇಕೇ ಬೇಕು. ಅದೇ ಲೂಪ್, ಅದೇ ಫೋನ್, ಒಂದು ಮೀಟರ್ ದೂರ, ಸ್ಪೀಕರಿನ ಎತ್ತರ. ಫೋನ್ ತಾನಾಗಿ ಸದ್ದು ಏರಿಸಿ ಇಳಿಸುವುದನ್ನು ನಿಲ್ಲಿಸುವ ಆಯ್ಕೆ ಇರುವ ಆ್ಯಪ್ ಬಳಸಿ, ಇಲ್ಲದಿದ್ದರೆ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಆಗಿಬಿಡುತ್ತದೆ. ಫೈಲಿನ ಹೆಸರಿನಲ್ಲೇ ವೋಲ್ಟೇಜ್, ನಾಬಿನ ನಂಬರ್, ತಾರೀಕು ಹಾಕಿ.

ರೇಟು ಮಾತಾಡುವುದು, ಮನೆಗೆ ತರುವುದು

ಬರೆದುಕೊಂಡ ದೋಷಗಳನ್ನು ಎರಡು ಭಾಗ ಮಾಡಿ. ಟ್ಯೂಬ್, ಕರಕರ ಅನ್ನುವ ನಾಬ್, ಜ್ಯಾಕ್, ಫಿಲ್ಟರ್ ಕೆಪಾಸಿಟರ್, ಇವೆಲ್ಲ ಸರಿಯಾಗುವಂಥವು. ಹೋಗುವ ಮೊದಲೇ ಆ ಆಂಪಿಗೆ ಒಂದು ಸೆಟ್ ಟ್ಯೂಬಿಗೆ ಎಷ್ಟು ಅಂತ ವಿಚಾರಿಸಿಟ್ಟುಕೊಂಡಿದ್ದರೆ ಅಷ್ಟು ಕಡಿಮೆ ಕೇಳಬಹುದು. ಟ್ರಾನ್ಸ್‌ಫಾರ್ಮರ್ ಹೋಗಿದ್ದರೆ, ಛಾಸಿಸ್ ತುಕ್ಕು ಹಿಡಿದಿದ್ದರೆ ನಮಸ್ಕಾರ ಹೇಳಿ ಬನ್ನಿ. ರಿಪೇರಿಗೆ ಯಾರಿದ್ದಾರೆ ಅಂತ ಕೇಳಿದರೆ, ಹಳೆ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರು ನಿಮ್ಮ ಪೇಟೆಯಲ್ಲಿ ಯಾರಾದರೂ ಇದ್ದಾರಾ ಹುಡುಕಿ. ಇಎಲ್84 ರೇಡಿಯೋಗಳಲ್ಲೂ ಇದ್ದ ವಾಲ್ವ್, 12ಎಎಕ್ಸ್7ಗೆ ಅವರು ಇಸಿಸಿ83 ಅನ್ನುತ್ತಾರೆ. ಅಂಥ ಒಬ್ಬ ಮಾಮನ ಕೈಗೆ ನನ್ನ ಆಂಪ್ ಕೊಟ್ಟಾಗ ಅವರು ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ ರೀತಿಯಲ್ಲೇ ನನಗೆ ಧೈರ್ಯ ಬಂತು.

ತರುವಾಗ ಆಂಪ್ ಪೂರ್ತಿ ತಣ್ಣಗಾಗಲಿ, ಬಿಸಿ ಟ್ಯೂಬ್ ಕುಲುಕಾಟ ತಡೆಯುವುದಿಲ್ಲ. 12 ಇಂಚಿನ ಎರಡು ಸ್ಪೀಕರಿನ ಎಸಿ30 ಆದರೆ 30 ಕಿಲೋ ದಾಟುತ್ತದೆ, ಇಬ್ಬರು ಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ತಂದರೆ ಮನೆಗೆ ಬಂದ ಕೂಡಲೇ ಬಿಚ್ಚಿ, ರಾತ್ರಿ ಒಣ ಕೋಣೆಯಲ್ಲಿ ಹಾಗೇ ಬಿಟ್ಟು ಮರುದಿನ ಆನ್ ಮಾಡಿ.

ಮನೆಯಲ್ಲಿ ಮೊದಲ ದಿನವೇ ವೋಲ್ಟೇಜ್ ನೋಡಿ ಅದೇ ಲೂಪನ್ನು ಅದೇ ನಾಬಿನಲ್ಲಿ ಮತ್ತೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಟ್ಯೂಬ್ ಸವೆಯುವುದು ದಿನಕ್ಕೆ ಇಷ್ಟಿಷ್ಟೇ, ದಿನಾ ಕೇಳುವ ಕಿವಿಗೆ ಗೊತ್ತಾಗುವುದಿಲ್ಲ. ನಾನು ಪ್ರತಿ ವರ್ಷ ಆಟಿ (ಜೋರು ಮಳೆಯ ತುಳು ತಿಂಗಳು) ಕಳೆದ ಮೇಲೆ, ಗಾಳಿ ಸ್ವಲ್ಪ ಒಣಗಿದಾಗ, ಅದೇ ತುಣುಕನ್ನು ಮತ್ತೆ ಹಿಡಿದು ಹಳೆಯದರ ಪಕ್ಕ ಇಟ್ಟು ಕೇಳುತ್ತೇನೆ.